ಸಂಬಂಧವಿಲ್ಲ ಎಂದವರು ಕಾರಣ ಹೇಳಬೇಕು



ಸೈನ್ಯದಲ್ಲಿದ್ದವನು ಕಾಯಿಲೆಯಿಂದಲೋ ಗಾಯದಿಂದಲೋ ಕೆಲಸಕ್ಕೆ ಆಗದವನಾದರೆ, ಊರಿಗೆ ಕಳಿಸುವ ಮುನ್ನ ಅವನನ್ನು ಮೆಡಿಕಲ್ ಬೋರ್ಡಿನ ಮುಂದೆ ನಿಲ್ಲಿಸುತ್ತಾರೆ. ಮಿಲಿಟರಿ ಆಸ್ಪತ್ರೆಯ ವೈದ್ಯಾಧಿಕಾರಿಗಳ ಮಂಡಲಿ ಅದು. ಅವರು ತುಂಬುವ ನಮೂನೆಯಲ್ಲಿ ಕಾಯಿಲೆಯ ಹೆಸರಿರುತ್ತದೆ, ಅದು ಮೊದಲು ಕಾಣಿಸಿಕೊಂಡ ತಾರೀಖಿರುತ್ತದೆ, ಆಗ ಅವನು ಯಾವ ಠಾಣ್ಯದಲ್ಲಿದ್ದ ಎಂಬುದಿರುತ್ತದೆ, ನ್ಯೂನತೆ ಶೇಕಡಾ ಎಷ್ಟು ಎಂಬುದೂ ಇರುತ್ತದೆ. ಇಷ್ಟರ ನಡುವೆ ಒಂದು ಕಿರಿದಾದ ಅಂಕಣ. ಈ ಕಾಯಿಲೆ ಸೇನಾ ಸೇವೆಯಿಂದ ಬಂದದ್ದೋ, ಸೇವೆಯಿಂದ ಹೆಚ್ಚಾದದ್ದೋ, ಅಥವಾ ಸೇವೆಗೂ ಇದಕ್ಕೂ ಸಂಬಂಧವೇ ಇಲ್ಲವೋ? ಮೂರರಲ್ಲಿ ಒಂದಕ್ಕೆ ಗುರುತು ಹಾಕಬೇಕು. ಈ ಹೊತ್ತಿನ ನನ್ನ ಮಾತೆಲ್ಲ ಆ ಅಂಕಣದ ಬಗ್ಗೆಯೇ.

ಗುರುತು ಚಿಕ್ಕದು, ಅದರ ಹಿಂದಿರುವ ಹಣ ಚಿಕ್ಕದಲ್ಲ. ಲೆಕ್ಕ ಹೇಳುತ್ತೇನೆ. ಜವಾನನೊಬ್ಬನ ಕೊನೆಯ ವೇತನ 40,000 ರೂಪಾಯಿ ಎಂದಿಟ್ಟುಕೊಳ್ಳಿ. ಡಿಸಬಿಲಿಟಿ ಪೆನ್ಷನ್ನಿನಲ್ಲಿ ಎರಡು ಭಾಗ. ಸೇವೆಯ ಭಾಗ ವೇತನದ ಅರ್ಧ, ಅಂದರೆ 20,000. ನ್ಯೂನತೆಯ ಭಾಗ, ಶೇಕಡಾ ನೂರರಷ್ಟು ನ್ಯೂನತೆಗೆ ವೇತನದ ಶೇ. 30, ಅಂದರೆ 12,000. ನ್ಯೂನತೆ ಕಡಿಮೆಯಾದಂತೆ ಈ ಭಾಗವೂ ಇಳಿಯುತ್ತದೆ. ಇದರ ಮೇಲೆ ತುಟ್ಟಿಭತ್ಯೆ. ಎಂಟು ವರ್ಷ ನೌಕರಿ ಮಾಡಿ ಬೋರ್ಡ್ ಔಟ್ ಆದ, ಅಂದರೆ ಮೆಡಿಕಲ್ ಬೋರ್ಡಿನ ತೀರ್ಮಾನದಿಂದ ಹೊರಬಿದ್ದ ಹುಡುಗನಿಗೆ ಸೇವೆಯ ಸಂಬಂಧ ಒಪ್ಪಿಕೊಂಡರೆ ಇವೆರಡೂ ಜೀವನಪರ್ಯಂತ ಬರುತ್ತವೆ. ಸಂಬಂಧವಿಲ್ಲ ಎಂದು ಬಿದ್ದರೆ, ಬಹುಕಾಲ ಇದ್ದ ನಿಯಮದಂತೆ, ಹತ್ತು ವರ್ಷ ತುಂಬದವನ ಕೈಗೆ ಒಂದು ಗಂಟು ಗ್ರಾಚ್ಯುಯಿಟಿ ಕೊಟ್ಟು ಬಾಗಿಲು ತೋರಿಸುತ್ತಿದ್ದರು. 2020ರಲ್ಲಿ ಸರ್ಕಾರ ಇದನ್ನು ಸ್ವಲ್ಪ ಸಡಿಲಿಸಿತು. ಆದರೆ ಅದು ಹೊರಗಿನ ನೌಕರಿಗೂ ಶಾಶ್ವತವಾಗಿ ಆಗದಂತಾದವರಿಗೆ ಮಾತ್ರ.

ಹಾಗಾದರೆ ಸಂಬಂಧವಿದೆ ಎಂದು ತೋರಿಸಬೇಕಾದವರು ಯಾರು? ಹಳ್ಳಿಗೆ ಮರಳಿದ ಸೈನಿಕನನ್ನು ಕೇಳಿದರೆ, ನಾನೇ ತೋರಿಸಬೇಕಲ್ಲವೇ ಎನ್ನುತ್ತಾನೆ. ಅರ್ಜಿ ಬರೆದುಕೊಡುವವರೂ ಹಾಗೆಯೇ ತಿಳಿದಿರುತ್ತಾರೆ. ಆದರೆ ನಿಯಮ ಹೇಳುವುದು ಇದಕ್ಕೆ ತಿರುಗುಮುರುಗಾದ ಮಾತನ್ನು.

2008ಕ್ಕೆ ಮುನ್ನ ಸೈನ್ಯದಿಂದ ಹೊರಬಂದವರ ಪಿಂಚಣಿಗೆ 1982ರ ಅರ್ಹತಾ ನಿಯಮಗಳು ಎಂದಿವೆ. ಅದರ ಐದನೆಯ ನಿಯಮದ ಪ್ರಕಾರ, ಭರ್ತಿಯ ಹೊತ್ತಿನಲ್ಲಿ ದಾಖಲೆಯಲ್ಲಿ ಬೇರೆ ಏನೂ ಬರೆದಿರದಿದ್ದರೆ, ಆ ಮನುಷ್ಯ ಪೂರ್ಣ ಆರೋಗ್ಯದಿಂದಲೇ ಸೇವೆಗೆ ಸೇರಿದ ಎಂದು ಭಾವಿಸಬೇಕು. ಮುಂದೆ ಅನಾರೋಗ್ಯದ ಕಾರಣಕ್ಕೆ ಅವನನ್ನು ಬಿಡುಗಡೆ ಮಾಡಿದರೆ, ಆರೋಗ್ಯ ಕೆಟ್ಟದ್ದು ಸೇವೆಯಿಂದಲೇ ಎಂದು ಭಾವಿಸಬೇಕು. ಒಂಬತ್ತನೆಯ ನಿಯಮ ಇನ್ನೂ ನೇರ. ಅರ್ಹತೆಯನ್ನು ರುಜುವಾತು ಮಾಡು ಎಂದು ಅರ್ಜಿದಾರನನ್ನು ಕೇಳುವಂತಿಲ್ಲ. ನ್ಯಾಯವಾದ ಸಂಶಯವಿದ್ದರೆ ಅದರ ಲಾಭ ಅವನಿಗೆ. ಯುದ್ಧಕ್ಷೇತ್ರದಲ್ಲಿ, ಹಡಗಿನಲ್ಲಿ ಸೇವೆ ಮಾಡಿದವನಿಗೆ ಆ ಲಾಭವನ್ನು ಇನ್ನಷ್ಟು ಧಾರಾಳವಾಗಿ ಕೊಡಬೇಕು. ಹದಿನಾಲ್ಕನೆಯದು ಹೇಳುವುದು, ಭರ್ತಿಯ ಸಮಯದಲ್ಲಿ ಗುರುತಿಸದೆ ಇದ್ದ ಕಾಯಿಲೆ ಸೇವೆಯಲ್ಲೇ ಹುಟ್ಟಿದ್ದೆಂದು ಸಾಮಾನ್ಯವಾಗಿ ತಿಳಿಯಬೇಕು ಎಂದು. ಆಗಿನ ತಪಾಸಣೆಯಲ್ಲಿ ಅದು ಪತ್ತೆಯಾಗುವಂತಿರಲಿಲ್ಲ ಎಂದು ವೈದ್ಯರು ಹೇಳಬಹುದು. ಹೇಳುವುದಾದರೆ ಕಾರಣ ಬರೆಯಬೇಕು.

ಇದರಲ್ಲಿ ಔದಾರ್ಯವಿದೆ ಎಂದು ನಿಮಗೆ ಅನ್ನಿಸಬಹುದು. ನನಗೆ ಇದು ಔದಾರ್ಯ ಅನ್ನಿಸುವುದಿಲ್ಲ, ತರ್ಕ ಅನ್ನಿಸುತ್ತದೆ. ಭರ್ತಿ ರ‍್ಯಾಲಿ ನೋಡಿದವರಿಗೆ ಗೊತ್ತು. ಹದಿನೆಂಟು ಇಪ್ಪತ್ತರ ಹುಡುಗರನ್ನು ಓಡಿಸಿ, ಎದೆ ಅಳೆದು, ಕಣ್ಣು ಕಿವಿ ಹಲ್ಲು ಪಾದ ಎಲ್ಲ ನೋಡಿ, ಚೂರು ಐಬು ಕಂಡರೂ ಹಿಂದಕ್ಕೆ ಕಳಿಸುತ್ತಾರೆ. ಚಪ್ಪಟೆ ಪಾದವಿದೆ ಎಂಬ ಕಾರಣಕ್ಕೆ ಅಳುತ್ತ ಬಸ್ಸು ಹತ್ತಿದ ಹುಡುಗರು ಬೆಳಗಾವಿ, ಧಾರವಾಡ, ಗದಗ ಕಡೆ ಊರೂರಿಗೂ ಇದ್ದಾರೆ. ಅಷ್ಟು ಜರಡಿ ಹಿಡಿದು ಆರಿಸಿಕೊಂಡವರೇ ಮುಂದೆ ಒಂದು ದಿನ, ಈ ದೋಷ ನಿನ್ನ ಮೈಯಲ್ಲಿ ಮೊದಲಿನಿಂದಲೂ ಇತ್ತು ಎನ್ನುವುದಾದರೆ, ಅಂದು ತಾವು ನೋಡಿದ್ದೇನು ಎಂಬುದನ್ನೂ ಅವರೇ ಹೇಳಬೇಕಾಗುತ್ತದೆ.

ಈ ಮಾತನ್ನು ಗಟ್ಟಿಯಾಗಿ ನಿಲ್ಲಿಸಿದ್ದು ಸುಪ್ರೀಂ ಕೋರ್ಟಿನ ಒಂದು ತೀರ್ಪು, ಧರಮ್‌ವೀರ್ ಸಿಂಗ್ ಪ್ರಕರಣ. ಸಿಗ್ನಲ್ಸ್ ದಳಕ್ಕೆ 1985ರ ಜೂನ್‌ನಲ್ಲಿ ಸೇರಿದ ಸೈನಿಕರು ಅವರು. ಮೂರ್ಛೆ ರೋಗ ಕಾಣಿಸಿಕೊಂಡಿತು; ಬೋರ್ಡು ಶೇ. 20 ನ್ಯೂನತೆ ಎಂದು ಬರೆಯಿತು. 1994ರ ಏಪ್ರಿಲ್ 1ರಂದು ಅವರನ್ನು ಬಿಡುಗಡೆ ಮಾಡಿದರು. ಸೇವೆಗೆ ಸಂಬಂಧವಿಲ್ಲ ಎಂದು ಬೋರ್ಡು ಅಭಿಪ್ರಾಯ ಕೊಟ್ಟಿತ್ತು, ಪಿಂಚಣಿ ಮಂಜೂರು ಮಾಡುವವರು ಅದನ್ನೇ ನಕಲು ಮಾಡಿ ಇಲ್ಲ ಎಂದರು. ಹೈಕೋರ್ಟಿನ ಏಕಸದಸ್ಯ ಪೀಠ ಅವರ ಪರವಾಗಿ ಹೇಳಿತು, ವಿಭಾಗೀಯ ಪೀಠ ಅದನ್ನು ರದ್ದು ಮಾಡಿತು. ಕೊನೆಗೆ 2013ರ ಜುಲೈನಲ್ಲಿ ನ್ಯಾಯಮೂರ್ತಿಗಳಾದ ಎ.ಕೆ. ಪಟ್ನಾಯಕ್ ಮತ್ತು ಎಸ್.ಜೆ. ಮುಖೋಪಾಧ್ಯಾಯ ಅವರ ಪೀಠದಿಂದ ತೀರ್ಪು ಬಂತು. ಸೈನ್ಯ ಬಿಟ್ಟು ಹತ್ತೊಂಬತ್ತು ವರ್ಷವಾಗಿತ್ತು.

ತೀರ್ಪಿನಲ್ಲಿ ವೈದ್ಯಶಾಸ್ತ್ರದ ವಾದ ಕಡಿಮೆ. ಕೋರ್ಟು ನೋಡಿದ್ದು ಮುಖ್ಯವಾಗಿ ಎರಡು ಸಂಗತಿಗಳನ್ನು. ಭರ್ತಿಯ ದಾಖಲೆಯಲ್ಲಿ ಈ ಕಾಯಿಲೆಯ ಸುದ್ದಿ ಇದೆಯೇ? ಇಲ್ಲ. ಸೇವೆಗೆ ಸಂಬಂಧವಿಲ್ಲ ಎನ್ನುವಾಗ ಬೋರ್ಡು ಕಾರಣ ಬರೆದಿದೆಯೇ? ಅದೂ ಇಲ್ಲ. ಅಲ್ಲಿಗೆ ಐದನೆಯ ನಿಯಮದ ಭಾವನೆ ಸೈನಿಕನ ಪರವಾಗಿ ನಿಂತಿತು. ಮೂರ್ಛೆ ರೋಗ ಯಾಕೆ ಬರುತ್ತದೆ ಎಂದು ಆ ಸೈನಿಕ ಯಾವ ತಜ್ಞನನ್ನೂ ಕರೆತರಬೇಕಾಗಲಿಲ್ಲ. 2015ರ ಫೆಬ್ರವರಿಯಲ್ಲಿ ರಾಜ್‌ಬೀರ್ ಸಿಂಗ್ ಪ್ರಕರಣದ ಜತೆ ಇನ್ನೂ ಹಲವು ಮೇಲ್ಮನವಿಗಳು ಒಟ್ಟಿಗೆ ಬಂದಾಗ ಸುಪ್ರೀಂ ಕೋರ್ಟು ಇದೇ ದಾರಿ ಹಿಡಿಯಿತು. ಆ ಮೇಲ್ಮನವಿಗಳನ್ನು ಹಾಕಿದ್ದು ಸೈನಿಕರಲ್ಲ, ಸರ್ಕಾರ. ಈ ಬಗೆಯ ಮೊಕದ್ದಮೆಗಳಲ್ಲಿ ನನಗೆ ಅತ್ಯಂತ ಬೇಸರ ತರುವ ವಿಷಯ ಅದು. ಕಾನೂನು ಇತ್ಯರ್ಥವಾದ ಮೇಲೂ, ಗೆದ್ದ ಸೈನಿಕನ ಬೆನ್ನು ಹತ್ತಿ ದೆಹಲಿಯವರೆಗೆ ಹೋಗುವ ಚಾಳಿ. ರಕ್ಷಣಾ ಸಚಿವರಾಗಿದ್ದ ಮನೋಹರ್ ಪರಿಕ್ಕರ್ ಅವರು ಇಂಥ ವ್ಯಾಜ್ಯಗಳನ್ನು ಕಡಿಮೆ ಮಾಡುವ ದಾರಿ ಹುಡುಕಲು 2015ರಲ್ಲಿ ತಜ್ಞರ ಸಮಿತಿಯನ್ನೇ ನೇಮಿಸಬೇಕಾಯಿತು.

ಇಷ್ಟೆಲ್ಲ ಇದ್ದರೂ ಸಂಬಂಧವಿಲ್ಲ ಎಂಬ ಗುರುತು ಯಾಕೆ ಬೀಳುತ್ತಲೇ ಇದೆ? ಕಡತಗಳನ್ನು ಓದುತ್ತ ಹೋದರೆ ಕೆಲವು ಮಾತುಗಳು ಮತ್ತೆ ಮತ್ತೆ ಎದುರಾಗುತ್ತವೆ. ಇದು ದೇಹಪ್ರಕೃತಿಯಿಂದ ಬಂದ ಕಾಯಿಲೆ. ಇದು ಆನುವಂಶಿಕ. ಇದು ಶಾಂತಿ ಠಾಣ್ಯದಲ್ಲಿ, ಅಂದರೆ ಗಡಿ, ಕಾರ್ಯಾಚರಣೆಗಳಿಂದ ದೂರದ ಠಾಣ್ಯದಲ್ಲಿ ಶುರುವಾಗಿದೆ, ಆದ್ದರಿಂದ ಸೇವೆಯ ಒತ್ತಡ ಕಾರಣವಲ್ಲ. ಈ ಮೂರನೆಯದು ನೋಡುವುದಕ್ಕೆ ಬಹಳ ನಯವಾಗಿದೆ. ಎರಡು ವರ್ಷ ಸಿಯಾಚಿನ್‌ನಲ್ಲೋ ಕಾಶ್ಮೀರದ ಗಡಿಯಲ್ಲೋ ಇದ್ದು ಬಂದವನಿಗೆ ಬಯಲುಸೀಮೆಯ ಕಂಟೋನ್ಮೆಂಟಿಗೆ ವರ್ಗವಾದ ಆರನೆಯ ತಿಂಗಳಿಗೆ ರಕ್ತದೊತ್ತಡ ಪತ್ತೆಯಾಯಿತು ಎನ್ನಿ. ಪತ್ತೆಯಾದ ಜಾಗ ಶಾಂತಿ ಠಾಣ್ಯ, ನಿಜ. ಪತ್ತೆಯಾಗಲು ಕಾರಣ ಅಲ್ಲಿ ದೊಡ್ಡ ಆಸ್ಪತ್ರೆ ಇದ್ದದ್ದು, ವಾರ್ಷಿಕ ತಪಾಸಣೆ ಸರಿಯಾಗಿ ನಡೆದದ್ದು. ರಕ್ತದೊತ್ತಡ ಎಂದಿನಿಂದ ಏರುತ್ತಿತ್ತು ಎಂಬುದನ್ನು ತಾರೀಖು ಹೇಳುವುದಿಲ್ಲ. ಸೈನ್ಯದ ವೈದ್ಯಾಧಿಕಾರಿಗಳಿಗೆಂದೇ ಇದ್ದ ಒಂದು ಕೈಪಿಡಿ 2023ರವರೆಗೆ ಬಳಕೆಯಲ್ಲಿತ್ತು, 2002ರದು, 2008ರಲ್ಲಿ ತಿದ್ದಿದ್ದು. ಯುದ್ಧಕ್ಷೇತ್ರ, ಎತ್ತರದ ಪ್ರದೇಶ, ಉಗ್ರರ ವಿರುದ್ಧದ ಕಾರ್ಯಾಚರಣೆ, ಇಂಥ ಕಡೆ ಶುರುವಾದ ರಕ್ತದೊತ್ತಡಕ್ಕೆ ಸೇವೆಯ ಸಂಬಂಧ ಕೊಡಲು ಅದರಲ್ಲೇ ದಾರಿಯಿತ್ತು. ಹೃದಯಾಘಾತವಾದರೆ ಅದಕ್ಕೆ ಮುಂಚಿನ 14 ದಿನ ಆತ ಏನೇನು ಕೆಲಸ ಮಾಡಿದ ಎಂದು ಯೂನಿಟ್ಟು ಪಟ್ಟಿ ಕೊಡಬೇಕಿತ್ತು. ಆ ಪಟ್ಟಿ ಬರೆಯುವವನು ಯೂನಿಟ್ಟಿನ ಗುಮಾಸ್ತ. ಸಾಮಾನ್ಯ ಕೆಲಸ ಎಂದು ಒಂದೇ ಸಾಲಿನಲ್ಲಿ ಮುಗಿಸಿದನೋ, ರಾತ್ರಿ ಗಸ್ತು, ಗುಂಡಿನ ಅಭ್ಯಾಸ, ಸಾಮಾನು ಸಾಗಣೆ ಎಂದು ಬಿಡಿಸಿ ಬರೆದನೋ, ಒಂದು ಕುಟುಂಬದ ಪಿಂಚಣಿ ಅದರ ಮೇಲೆ ನಿಲ್ಲುತ್ತಿತ್ತು.

ಕಷ್ಟ ಇರುವುದು ಇಲ್ಲಿಯೇ. ರುಜುವಾತಿನ ಹೊಣೆ ಸೈನಿಕನದಲ್ಲ ಎಂದು ನಿಯಮ ಹೇಳಿದರೂ, ಕಾಗದಗಳೆಲ್ಲ ಇಲಾಖೆಯ ಬಳಿ ಇವೆ. ಆಸ್ಪತ್ರೆಯ ದಾಖಲೆ, ಯೂನಿಟ್ಟಿನ ಡೈರಿ, ವಿಚಾರಣೆಯ ವರದಿ, ರೆಕಾರ್ಡ್ ಆಫೀಸಿನ ಕಡತ. ಬಾಡಿಗೆ ಕಟ್ಟಿದ ರಸೀದಿಗಳೆಲ್ಲ ಮನೆ ಮಾಲೀಕನ ಪೆಟ್ಟಿಗೆಯಲ್ಲಿ ಉಳಿದಿರುವ ಬಾಡಿಗೆದಾರನ ಸ್ಥಿತಿ ಇದು. ಅಷ್ಟೇ ಅಲ್ಲ, ಪಿಂಚಣಿ ಇಲ್ಲದೆ ಹೊರಬಿದ್ದವನ ಸೇವಾ ದಾಖಲೆಗಳನ್ನು 25 ವರ್ಷಗಳ ನಂತರ ನಾಶ ಮಾಡುವ ಪದ್ಧತಿ ಇದೆ. ಅಂದರೆ ಕಾಗದ ಯಾರಿಗೆ ಹೆಚ್ಚು ಬೇಕೋ ಅವನದೇ ಮೊದಲು ಹೋಗುತ್ತದೆ.

ತಡ ಮಾಡಬಾರದು ಎನ್ನುವುದಕ್ಕೆ ಇನ್ನೂ ಒಂದು ಕಾರಣವಿದೆ. 2008ರ ಜನವರಿ 1 ಅಥವಾ ಅದರ ನಂತರ ಸೇವೆಯಿಂದ ಹೊರಬಂದವರಿಗೆ ಬೇರೆ ನಿಯಮಗಳು ಅನ್ವಯಿಸುತ್ತವೆ. ಅವು 1982ರವಷ್ಟು ಮೃದುವಲ್ಲ. ಸಾಮಾನ್ಯವಾಗಿ ಅರ್ಜಿದಾರ ರುಜುವಾತು ಮಾಡಬೇಕಿಲ್ಲ ಎಂದು ಅಲ್ಲೂ ಇದೆ, ಆದರೆ ಬಾಲಂಗೋಚಿ ಸೇರಿಸಿದ್ದಾರೆ. ಹೊರಬಂದು ಹದಿನೈದು ವರ್ಷ ಕಳೆದ ಮೇಲೆ, ದಾಖಲೆಗಳು ಅವಧಿ ಮುಗಿದು ನಾಶವಾದ ಮೇಲೆ ಅರ್ಜಿ ಹಾಕಿದರೆ, ಆಗ ಹೊಣೆ ಅರ್ಜಿದಾರನದೇ. ಕಾಯಿಲೆ ಸೇವಾವಧಿಯಲ್ಲಿ ಕಾಣಿಸಿಕೊಂಡಿತು ಎಂದರಷ್ಟೇ ಸಾಲದು, ಸೇವೆಯ ಪರಿಸ್ಥಿತಿಯೇ ಅದಕ್ಕೆ ಕಾರಣವಾಗಿರಬೇಕು ಎಂದೂ ಅವು ಹೇಳುತ್ತವೆ. 2023ರ ಸೆಪ್ಟೆಂಬರ್ 21ರಿಂದ ಮತ್ತೊಂದು ಹೊಸ ನಿಯಮಾವಳಿ ಬಂದಿದೆ. ಆದ್ದರಿಂದ ಪಕ್ಕದ ಮನೆಯ ಹವಾಲ್ದಾರರಿಗೆ ಸಿಕ್ಕಿತು, ನನಗೂ ಸಿಗುತ್ತದೆ ಎಂಬ ಲೆಕ್ಕ ನಡೆಯುವುದಿಲ್ಲ. ಅವರು ಹೊರಬಂದ ತಾರೀಖು ಬೇರೆ, ನಿಮ್ಮದು ಬೇರೆ.

ಸರ್ಕಾರದ ಪಕ್ಷದಲ್ಲೂ ಹೇಳುವುದಕ್ಕೆ ಇದೆ. ಅದನ್ನು ಬಿಟ್ಟು ಮಾತಾಡಿದರೆ ಅನ್ಯಾಯವಾದೀತು. ಸಮವಸ್ತ್ರ ತೊಟ್ಟ ಕಾಲದಲ್ಲಿ ಬಂದದ್ದೆಲ್ಲ ಸಮವಸ್ತ್ರದಿಂದಲೇ ಬಂದದ್ದಲ್ಲ. ವಾರ್ಷಿಕ ರಜೆಯಲ್ಲಿ ಊರಲ್ಲಿದ್ದಾಗ ರಸ್ತೆ ಅಪಘಾತಕ್ಕೆ ಸಿಕ್ಕಿದ ಸೈನಿಕರೊಬ್ಬರ ಅರ್ಜಿಯನ್ನು ಸುಪ್ರೀಂ ಕೋರ್ಟು 2011ರಲ್ಲಿ ಒಪ್ಪಲಿಲ್ಲ. ಜುಝಾರ್ ಸಿಂಗ್ ಪ್ರಕರಣ ಎಂದು ಅದು ಪ್ರಸಿದ್ಧ. ಗಾಯಕ್ಕೂ ಸೈನಿಕ ಕರ್ತವ್ಯಕ್ಕೂ ಏನಾದರೂ ಕೊಂಡಿ ಇರಬೇಕು ಎಂಬುದು ತರ್ಕ. ಇದಕ್ಕೆ ಎದುರಾಗಿ 1999ರ ಮದನ್ ಸಿಂಗ್ ಶೇಖಾವತ್ ಪ್ರಕರಣವನ್ನು ಇಟ್ಟು ನೋಡಿ. ಕ್ಯಾಶುಯಲ್ ರಜೆಯ ಮೇಲೆ ಊರಿಗೆ ಹೊರಟವರು ರೈಲಿನಿಂದ ಇಳಿಯುವಾಗ ಅಪಘಾತಕ್ಕೀಡಾದರು. ಸರ್ಕಾರದ ಖರ್ಚಿನಲ್ಲಿ ಪ್ರಯಾಣ ಮಾಡುತ್ತಿದ್ದರೆ ಮಾತ್ರ ಪಿಂಚಣಿ ಎಂದು ನಿಯಮ. ಇವರು ಟಿಕೆಟ್ಟಿಗೆ ಕೈಯಿಂದ ದುಡ್ಡು ಕೊಟ್ಟಿದ್ದರು. ಸ್ವಂತ ಖರ್ಚಿನಲ್ಲಿ ಹೊರಟ ಕಾರಣಕ್ಕೆ ಕೈಬಿಡುವುದು ನಿಯಮದ ಉದ್ದೇಶವಾಗಿರಲಾರದು ಎಂದು ಕೋರ್ಟು ಅವರಿಗೆ ಪಿಂಚಣಿ ಕೊಡಿಸಿತು. ಎರಡೂ ರಜೆಯೇ. ಒಬ್ಬರು ಊರು ಸೇರಿಯಾಗಿತ್ತು, ಮತ್ತೊಬ್ಬರು ಇನ್ನೂ ದಾರಿಯಲ್ಲಿದ್ದರು. ಗೆರೆ ಅಷ್ಟು ಸಣ್ಣದು.

ಮಾನಸಿಕ ಕಾಯಿಲೆಗಳಲ್ಲಂತೂ ಗೆರೆ ಮಸುಕು. ಸ್ಕಿಜೋಫ್ರೀನಿಯಾದ ಪ್ರಕರಣಗಳಲ್ಲಿ ಮೆಡಿಕಲ್ ಬೋರ್ಡಿನ ಮಾತಿಗೇ ಮನ್ನಣೆ ಎಂದು ಸುಪ್ರೀಂ ಕೋರ್ಟು 2009ರಲ್ಲಿ ಹೇಳಿದೆ, 2019ರಲ್ಲೂ ಪಿಂಚಣಿ ನಿರಾಕರಿಸಿದೆ. ಹಾಗೆಯೇ 2025ರಲ್ಲಿ ಅದೇ ಕಾಯಿಲೆಯ ಇನ್ನೊಂದು ಪ್ರಕರಣದಲ್ಲಿ, ಕಾರಣ ಬರೆಯದ ಬೋರ್ಡಿನ ಅಭಿಪ್ರಾಯವನ್ನು ಆಧಾರವಾಗಿ ಹಿಡಿಯಲಾಗದು ಎಂದೂ ಹೇಳಿದೆ. ಈ ಎರಡು ನಿಲುವುಗಳಲ್ಲಿ ನನಗೆ ದೊಡ್ಡ ವಿರೋಧ ಕಾಣುವುದಿಲ್ಲ. ವೈದ್ಯರು ವಿಚಾರ ಮಾಡಿ ಬರೆದ ಅಭಿಪ್ರಾಯದ ಮೇಲೆ ನ್ಯಾಯಾಧೀಶರು ತಮ್ಮ ವೈದ್ಯಕೀಯ ಹೇರಬಾರದು, ಒಪ್ಪೋಣ. ಆದರೆ ಮೊದಲು ವೈದ್ಯರು ವಿಚಾರ ಮಾಡಿರಬೇಕು, ಮಾಡಿದ್ದು ಕಾಗದದ ಮೇಲೆ ಕಾಣಬೇಕು.

ದುರುಪಯೋಗದ ಮಾತೂ ಇದೆ. ಅಧಿಕಾರಿಗಳು ನಿವೃತ್ತಿಯ ಅಂಚಿನಲ್ಲಿ ರಕ್ತದೊತ್ತಡ, ಸಕ್ಕರೆ ಕಾಯಿಲೆ ತೋರಿಸಿ ನ್ಯೂನತೆಯ ಭಾಗವನ್ನು ಪಡೆಯುತ್ತಿದ್ದಾರೆ ಎಂದು ಮಹಾಲೇಖಪಾಲರ ವರದಿ ಬೆರಳು ತೋರಿಸಿತ್ತು. ಅದು ಪರಿಶೀಲಿಸಬೇಕಾದ ವಿಷಯವೇ. ಆದರೆ ಮೇಲಿನವರ ಮೇಲಿನ ಸಂಶಯಕ್ಕೆ ಬಿಗಿ ಮಾಡಿದ ಹಗ್ಗ ಸಿಪಾಯಿಯ ಕುತ್ತಿಗೆಗೂ ಬೀಳುತ್ತದೆ, ಅವನಿಗೆ ಅದನ್ನು ಸಡಿಲಿಸಿಕೊಳ್ಳುವ ತಿಳಿವಳಿಕೆಯಾಗಲಿ ವಕೀಲರಾಗಲಿ ಇರುವುದಿಲ್ಲ.

ಇನ್ನು ಕೈಗೆ ತಾಗುವ ಮಾತು. ನಿಮ್ಮ ಮನೆಯಲ್ಲೋ ಓಣಿಯಲ್ಲೋ ಹೀಗೆ ಹೊರಬಿದ್ದ ಮಾಜಿ ಸೈನಿಕರಿದ್ದರೆ, ಅವರ ಬಳಿ ಮೊದಲು ಮೆಡಿಕಲ್ ಬೋರ್ಡಿನ ನಡಾವಳಿ ಇದೆಯೇ ಎಂದು ಕೇಳಿ. ಇಲ್ಲದಿದ್ದರೆ ಅವರ ರೆಕಾರ್ಡ್ ಆಫೀಸಿಗೆ ಬರೆದು ತರಿಸಬೇಕು. ಮರಾಠಾ ಲಘು ಪದಾತಿ ದಳದವರಿಗೆ ಬೆಳಗಾವಿ, ಮದ್ರಾಸ್ ರೆಜಿಮೆಂಟಿನವರಿಗೆ ವೆಲಿಂಗ್ಟನ್, ಮದ್ರಾಸ್ ಸ್ಯಾಪರ್ಸ್‌ನವರಿಗೆ ಬೆಂಗಳೂರು. ಸುಮ್ಮನೆ ಬರೆದರೆ ಉತ್ತರ ಬರದಿದ್ದಾಗ 2005ರ ಮಾಹಿತಿ ಹಕ್ಕು ಕಾಯಿದೆಯಡಿ ಕೇಳಬಹುದು, ಸ್ವಂತ ದಾಖಲೆ ಕೇಳುವುದಕ್ಕೆ ಯಾರ ಹಂಗೂ ಬೇಡ. ನಡಾವಳಿ ಬಂದ ಮೇಲೆ ಸಂಬಂಧವಿಲ್ಲ ಎಂಬ ಸಾಲಿನ ಪಕ್ಕ ಕಾರಣ ಎಂದು ಏನಿದೆ ನೋಡಿ. ಖಾಲಿ ಇದೆಯೇ, ಅಥವಾ ಕಾಯಿಲೆಯ ಹೆಸರನ್ನೇ ಮತ್ತೊಂದು ರೀತಿಯಲ್ಲಿ ಬರೆದಿದ್ದಾರೆಯೇ? ಅರ್ಜಿಯ ಜೀವ ಅಲ್ಲಿದೆ. ಗಾಯವಾಗಿದ್ದರೆ ಗಾಯದ ವರದಿ ಮತ್ತು ಕೋರ್ಟ್ ಆಫ್ ಎನ್‌ಕ್ವೈರಿಯ, ಅಂದರೆ ಸೈನ್ಯದ ಒಳ ವಿಚಾರಣೆಯ ತೀರ್ಮಾನ ಬೇಕು. ಕರ್ತವ್ಯದಲ್ಲಿದ್ದ ಎಂದು ಕಮಾಂಡಿಂಗ್ ಅಧಿಕಾರಿ ಬರೆದಿದ್ದರೆ ಅರ್ಧ ಕೆಲಸ ಆದಂತೆ. ಹಿಂದೆ ಯಾವ ಯಾವ ಕ್ಷೇತ್ರಗಳಲ್ಲಿ ಎಷ್ಟೆಷ್ಟು ಕಾಲ ಇದ್ದರು ಎಂಬುದಕ್ಕೆ ಡಿಸ್ಚಾರ್ಜ್ ಬುಕ್ ಮತ್ತು ಪದಕಗಳು ಸಾಕ್ಷಿ. ಪದಕ ಎದೆಗಷ್ಟೇ ಅಲ್ಲ ನೋಡಿ, ಸಿಯಾಚಿನ್ ಪದಕ ಅರ್ಜಿಯಲ್ಲೂ ಮಾತಾಡುತ್ತದೆ.

ತಿರಸ್ಕರಿಸಿದ ಪತ್ರ ಬಂದ ಮೇಲೆ ಆರು ತಿಂಗಳೊಳಗೆ ಮೊದಲ ಮೇಲ್ಮನವಿ, ಅದೂ ಬಿದ್ದರೆ ಎರಡನೆಯದು. ಇವೆರಡೂ ಇಲಾಖೆಯ ಒಳಗೇ ನಡೆಯುವಂಥವು, ಅಲ್ಲಿ ಬಹಳ ಆಸೆ ಇಟ್ಟುಕೊಳ್ಳಬೇಡಿ, ಆದರೆ ಬಿಟ್ಟುಬಿಡಲೂ ಬೇಡಿ. ಆಮೇಲೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. 2007ರ ಕಾಯಿದೆಯಿಂದ ಹುಟ್ಟಿ 2009ರಲ್ಲಿ ಕೆಲಸ ಶುರುಮಾಡಿದ್ದು. ಕರ್ನಾಟಕದವರು ಕೊಚ್ಚಿಯ ಪೀಠದ ವ್ಯಾಪ್ತಿಗೆ ಬರುತ್ತಾರೆ. ಬೀದರಿನ ಮಾಜಿ ಸೈನಿಕನಿಗೆ ಕೊಚ್ಚಿ ಎಂದರೆ ದೇಶದ ಇನ್ನೊಂದು ತುದಿ, ಇಷ್ಟು ಜನ ಮಾಜಿ ಸೈನಿಕರಿರುವ ರಾಜ್ಯಕ್ಕೆ ತನ್ನದೇ ಪೀಠವೊಂದು ಇರಬೇಕಿತ್ತು. ನ್ಯಾಯಮಂಡಳಿಯಲ್ಲಿ ಸೋತವರು ಹೈಕೋರ್ಟಿಗೆ ಹೋಗಬಹುದೋ ಇಲ್ಲವೋ ಎಂಬ ಗೊಂದಲ ಬಹುಕಾಲ ಇತ್ತು. ಹೋಗಬಹುದು ಎಂದು 2023ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ದುಡ್ಡಿಲ್ಲದವರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ. ಜಿಲ್ಲೆಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಯಲ್ಲಿ ಮೊದಲು ವಿಚಾರಿಸಿ.

ಗೆದ್ದರೆ ಸಿಗುವ ಮೊತ್ತದ ಬಗ್ಗೆ ಎರಡು ಸಂಗತಿ ತಿಳಿದಿರಲಿ. 1996ರಿಂದ ಜಾರಿಯಲ್ಲಿರುವ ಪದ್ಧತಿಯಂತೆ ಶೇ. 50ಕ್ಕಿಂತ ಕಡಿಮೆ ಇರುವ ನ್ಯೂನತೆಯನ್ನು 50 ಎಂದೂ, 50ರಿಂದ 75ರವರೆಗಿನದನ್ನು 75 ಎಂದೂ, ಅದಕ್ಕಿಂತ ಮೇಲಿನದನ್ನು 100 ಎಂದೂ ಎಣಿಸುತ್ತಾರೆ. ನಾನು ಆಗ ಹೇಳಿದ 40,000 ರೂಪಾಯಿ ವೇತನದವನಿಗೆ ಬೋರ್ಡು ಶೇ. 20 ಎಂದು ಬರೆದಿದ್ದರೆ ಬರಬೇಕಾದದ್ದು 2,400 ಅಲ್ಲ, 6,000. ಅವಧಿಗೆ ಮುನ್ನ ಬೋರ್ಡ್ ಔಟ್ ಆದವರಿಗೆ ಮಾತ್ರ ಇದು ಎಂದು ಸರ್ಕಾರ ಪಟ್ಟು ಹಿಡಿದಿತ್ತು. ಅವಧಿ ಮುಗಿಸಿ ನ್ಯೂನತೆಯೊಂದಿಗೆ ನಿವೃತ್ತರಾದವರಿಗೂ ಸಲ್ಲುತ್ತದೆ ಎಂದು 2014ರ ಡಿಸೆಂಬರಿನಲ್ಲಿ ರಾಮ್ ಅವತಾರ್ ಪ್ರಕರಣದಲ್ಲಿ ತೀರ್ಮಾನವಾಯಿತು. ಹಳೆಯ ಪಿಂಚಣಿ ಪುಸ್ತಕಗಳಲ್ಲಿ ಈ ಏರಿಕೆ ಇನ್ನೂ ಆಗದೆ ಉಳಿದಿರಬಹುದು, ಪಿ.ಪಿ.ಒ., ಅಂದರೆ ಪಿಂಚಣಿ ಪಾವತಿ ಆದೇಶ ತೆಗೆದು ನೋಡಿ. ಎರಡನೆಯದು ಬಾಕಿ ಹಣದ್ದು. ಪಿಂಚಣಿ ತಿಂಗಳು ತಿಂಗಳು ತಪ್ಪುತ್ತಿರುವ ಹಕ್ಕಾದ್ದರಿಂದ ತಡವಾಯಿತೆಂದು ಅರ್ಜಿಯನ್ನೇ ತಳ್ಳಿಹಾಕುವುದಿಲ್ಲ, ಆದರೆ ಬಾಕಿಯನ್ನು ಸಾಮಾನ್ಯವಾಗಿ ಅರ್ಜಿಗೆ ಹಿಂದಿನ ಮೂರು ವರ್ಷಕ್ಕೆ ಮಾತ್ರ ಕೊಡುತ್ತಾರೆ. 2008ರ ತರ್ಸೇಮ್ ಸಿಂಗ್ ತೀರ್ಪಿನಿಂದ ಬಂದ ಕ್ರಮ ಇದು. ಇಪ್ಪತ್ತು ವರ್ಷ ಸುಮ್ಮನಿದ್ದವರಿಗೆ ಹದಿನೇಳು ವರ್ಷದ ಹಣ ಹೋದ ಹಾಗೆ.

ಇನ್ನೂ ಸೇವೆಯಲ್ಲಿರುವ ಮಕ್ಕಳು ರಜೆಗೆ ಬಂದು ಇದನ್ನು ಕೇಳುತ್ತಿದ್ದರೆ ಅವರಿಗೂ ಒಂದು ಮಾತು. ಕಬಡ್ಡಿ ಆಡುವಾಗ ಮೊಣಕಾಲು ತಿರುಚಿತು, ಗಸ್ತಿನಲ್ಲಿ ಜಾರಿ ಬೆನ್ನಿಗೆ ಏಟಾಯಿತು, ತಲೆಸುತ್ತು ಬಂದು ಬಿದ್ದೆ, ಏನೇ ಆಗಲಿ, ಯೂನಿಟ್ಟಿನ ಎಂ.ಐ. ರೂಮಿನ, ಅಂದರೆ ವೈದ್ಯಕೀಯ ತಪಾಸಣೆ ಕೊಠಡಿಯ ಪುಸ್ತಕದಲ್ಲಿ ಅಂದೇ ಬರೆಸಿ. ಕೋರ್ಸಿಗೆ ಹೋಗುವುದು ತಪ್ಪೀತು, ಪ್ರಮೋಷನ್ ನಿಂತೀತು ಎಂದು ಮುಚ್ಚಿಟ್ಟು ನೋವಿನ ಮಾತ್ರೆ ನುಂಗುವವರೇ ಹೆಚ್ಚು. ಹತ್ತು ವರ್ಷದ ನಂತರ ಬೋರ್ಡು ಮೊದಲು ಕೇಳುವುದು ಆ ತಾರೀಖನ್ನೇ. ಗಾಯದ ವರದಿಯ ಒಂದು ಪ್ರತಿಯನ್ನು ಮನೆಗೆ ಕಳಿಸಿ, ಅಮ್ಮನ ಕೈಗೋ ಹೆಂಡತಿಯ ಕೈಗೋ ಕೊಟ್ಟು, ಅದು ಏನು ಎಂದು ಅವರಿಗೆ ತಿಳಿಸಿಡಿ.